ಮುಂದೆ ಹೋದವರು ನಿಲ್ಲಬೇಕು

ಅಜಿತನ ಅಪ್ಪನಿಗೆ,

ನೀವಿರುವಲ್ಲಿಗೆ ಅಂಚೆ ಇಲ್ಲ; ಆದರೂ ಈ ಸುದ್ದಿಯನ್ನು ನಿಮಗೇ ಹೇಳಬೇಕು. ಮೊಮ್ಮಗಳು ಪ್ರಣಿತಾ ಇವತ್ತು ಸವದತ್ತಿ ಗುಡ್ಡದಲ್ಲಿ ಸಾಹಸ ಓಟಕ್ಕಿಳಿದಿದ್ದಳು. ನಾಲ್ವರ ತಂಡ, ಗುಡ್ಡ ಹತ್ತಿ, ಮಲಪ್ರಭೆಯಲ್ಲಿ ದೋಣಿಗೆ ಹುಟ್ಟು ಹಾಕಿ, ದಾರಿಯ ಪ್ಲಾಸ್ಟಿಕ್ ಕಸವನ್ನೆಲ್ಲ ಚೀಲದಲ್ಲಿ ಹೊತ್ತು ತರಬೇಕು.

ಎಲ್ಲರಿಗಿಂತ ಮೊದಲು ಗೆರೆ ದಾಟಿದವಳು ನಮ್ಮವಳೇ. ನಾನು ಸೆರಗು ಸರಿಮಾಡಿಕೊಂಡು ಹಾರ ತರಲು ಹೇಳಿದೆ.

"ಕುಂದರ್ರಿ ಅಜ್ಜಿ," ಎಂದಳು ತೀರ್ಪುಗಾರ ಹುಡುಗಿ. "ನಾಕೂ ಮಂದಿ ಬರೂತನಾ ಗೆದ್ದಂಗಲ್ಲ. ಮುಂದ ಬಂದವರು ನಿಂತು ಕಾಯಬೇಕ್ರಿ."

ಪ್ರಣಿತಾಗೆ ಕಾಯುವ ಸಮಾಧಾನವೂ ಇಲ್ಲ, ಗುಡ್ಡಕ್ಕೇ ತಿರುಗಿ ಓಡಿದಳು. ಕಾಲು ಉಳುಕಿದ ಗೆಳತಿಯ ಚೀಲವನ್ನೂ ತಾನೇ ಹೊತ್ತು, ಅವಳ ಕೈ ಹಿಡಿದು ನಗುತ್ತ ಬಂದಳು. ಅಷ್ಟರಲ್ಲಿ ಕಿತ್ತೂರಿನ ತಂಡ ಗೆದ್ದಾಗಿತ್ತು.

"ಸೋತು ಹಲ್ಲ ಕಿಸೀತಿಯಲ್ಲ, ನಾಚಿಕಿ ಇಲ್ಲೇನ?" ಎಂದೆ.

"ಬೈಯೂದು ಆಮ್ಯಾಲ. ಮೊದಲ ಈ ಚೀಲಾ ಹಿಡಿ ಆಯಿ, ಭುಜಾ ಹೋಗೇತಿ."

ನಿಮ್ಮ ಹೆಂಡತಿ ಊರ ಕಸ ಹಿಡಿದು ನಿಂತದ್ದನ್ನು ಎಲ್ಲರೂ ನೋಡಿದರು.

ಯರಗಟ್ಟಿ ಸಂತೆಗೆ ಹೊರಟರೆ ಯಾವಾಗಲೂ ನೀವು ಮುಂದೆ, ಚೀಲ ಹೊತ್ತ ನಾನು ಹಿಂದೆ. ನಿಲ್ಲಿರೆಂದು ನಾನೂ ಕರೆದವಳಲ್ಲ. ಈಗಲೂ ಮುಂದೆಯೇ ಹೋಗಿದ್ದೀರಿ. ಹೋದಲ್ಲೇ ನಿಂತು ಕಾಯಿರಿ. ನನಗೇನೂ ಅವಸರವಿಲ್ಲ, ಪ್ರಣಿತಾಳ ಮುಂದಿನ ವರ್ಷದ ಓಟ ನೋಡಿಯೇ ಬರುತ್ತೇನೆ.