ಬಾಟಲಿಯಲ್ಲಿ ಕಳಿಸಿದ ಹಳದಿ ಅಣಬೆ

ಸೆಪ್ಟೆಂಬರ್ ೧೯, ಗುರುವಾರ ಬೆಳಿಗ್ಗೆ

ಪ್ರೀತಿಯ ಗುಬ್ಬಿ,

ನಿನ್ನ ಕಾಗದ ಬಂದು ಐದು ದಿನವಾಯಿತು. ಉತ್ತರ ತಡವಾದದ್ದಕ್ಕೆ ಅಕ್ಕನನ್ನು ಬೈದುಕೋ, ಆದರೆ ಮನಸ್ಸಿನಲ್ಲೇ ಬೈದುಕೋ. ಅಂಗಡಿಯಲ್ಲಿ ಹೊಲಿಯಬೇಕಾದ ಸಮವಸ್ತ್ರಗಳ ರಾಶಿ ಬಿದ್ದಿದೆ. ಸಾಲದ್ದಕ್ಕೆ ನಾಲ್ಕು ದಿನದಿಂದ ವಿಪರೀತ ಬಾಯಾರಿಕೆ, ಸೊಂಟದ ಎರಡೂ ಕಡೆ ನೋವು. ಹೊಲಿಗೆ ಯಂತ್ರದ ಪಕ್ಕದಲ್ಲೇ ನೀರಿನ ಹೂಜಿ ಇಟ್ಟುಕೊಂಡು ಕೂರುತ್ತೇನೆ. ನಾನು ನಲ್ಲಿಯನ್ನೇ ಮದುವೆಯಾಗಬಹುದಿತ್ತು ಎಂದು ನಿನ್ನ ಭಾವ ಕಾಡಿಸುತ್ತಾರೆ.

ಅಣಬೆಯ ಬಾಟಲಿ ತಲುಪಿತಲ್ಲ, ಸಮಾಧಾನ. ಪುಸ್ತಕದವರು ಶಾಂಟರೆಲ್ ಎನ್ನುವ ನಮ್ಮ ಹಳದಿ ಅಣಬೆ ಈ ಸಲ ಹಳೆಯ ಜಾಗದಲ್ಲಿ ಏಳಲಿಲ್ಲ. ಹದಿನೈದು ದಿನದ ಹಿಂದೆ ಕೆರೆಯಾಚೆ ಪೈನ್ ಮರಗಳ ಕೆಳಗೆ ಸಿಕ್ಕವು, ಬಣ್ಣ ತುಸು ಕಂದು. ಟೊಪ್ಪಿಗೆಯ ಅಡಿಯ ಗೆರೆಗಳು ಕವಲೊಡೆದು ಕಾಂಡಕ್ಕೆ ಇಳಿಯಬೇಕು, ಸೀಳಿದರೆ ಒಳಗೆ ಬೆಳ್ಳಗಿರಬೇಕು, ಜರ್ದಾಳು ಹಣ್ಣಿನ ವಾಸನೆ ಬರಬೇಕು ಎಂದು ಅಮ್ಮ ಬಾಯಿಪಾಠ ಮಾಡಿಸಿದ್ದಳಲ್ಲ. ಇವುಗಳ ಗೆರೆ ಕೊಂಚ ಬಿಡಿಬಿಡಿ. ಅದರ ದಾಯಾದಿ ಇರಬೇಕು ಅಂದುಕೊಂಡೆ. ಅಮ್ಮನ ಕಟ್ಟಳೆಯಂತೆ ಕಿತ್ತವಳೇ ಮೊದಲು ತಿಂದು ಒಂದು ದಿನ ಕಾಯಬೇಕಲ್ಲ, ಬೆಣ್ಣೆಯಲ್ಲಿ ಹುರಿದು ಒಬ್ಬಳೇ ತಿಂದೆ. ಭಾವ ತಟ್ಟೆ ಸರಿಸಿ, ಎರಡನೇ ಹೆಂಡತಿ ಬಂದ ಮೇಲೆ ತಿನ್ನುವುದಾಗಿ ಹೇಳಿದರು. ಮರುದಿನ ಸಂಜೆಯವರೆಗೂ ಹೊಟ್ಟೆ ಗುಡುಗುಡು ಅನ್ನಲಿಲ್ಲ. ಉಳಿದದ್ದನ್ನೆಲ್ಲ ದಾರಕ್ಕೆ ಪೋಣಿಸಿ, ಒಲೆಯ ಮೇಲೆ ಒಣಗಿಸಿ ನಿನಗೆ ಕಳಿಸಿದೆ.

"ವಾಸನೆಯೇ ಇಲ್ಲವಲ್ಲ ಅಕ್ಕಾ" ಎಂದು ಬರೆದಿದ್ದೀಯ. ನಿನ್ನ ಮೂಗು ಇರುವುದು ಕನ್ನಡಕ ಕೂರಿಸುವುದಕ್ಕೆ ಮಾತ್ರ ಕಣೇ. ಭಾನುವಾರ ಮಗಳ ಹುಟ್ಟುಹಬ್ಬಕ್ಕೆಂದು ಎತ್ತಿಟ್ಟಿದ್ದೀಯಂತೆ. ಬಾಟಲಿಗೆ ಕೈಹಾಕದೆ ಅಷ್ಟು ದಿನ ಇರುವವಳೇ ನೀನು?

ಡಾಕ್ಟರನ್ನು ಕಂಡು ಬಂದು ಇದನ್ನು ಅಂಚೆಗೆ ಹಾಕುತ್ತೇನೆ. ಮಗುವಿನ ಆಯಸ್ಸು ಗಟ್ಟಿಯಾಗಿರಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಕ್ಕ

ತಾ.ಕ. ಮಧ್ಯಾಹ್ನ. ಬಾಟಲಿ ಮುಟ್ಟಬೇಡ. ಮೂರು ವಾರದಲ್ಲಿ ಏನೇನು ತಿಂದೆ ಎಂದು ಡಾಕ್ಟರು ಕೇಳಿದರು. ಅಣಬೆ ಎಂದೆ. ಅವರು ಪೆನ್ನು ಕೆಳಗಿಟ್ಟರು. "ಒಂದು ಜಾತಿ ಇದೆಯಮ್ಮಾ, ಒಂದೆರಡು ವಾರ ಸುಮ್ನಿದ್ದು ಆಮೇಲೆ ಕಿಡ್ನಿ ಹಿಡಿಯುತ್ತೆ. ಬೇರೆ ಯಾರು ತಿಂದಿದ್ದಾರೆ?"

ಅಮ್ಮನ ಒಂದು ದಿನದ ಪರೀಕ್ಷೆಗೆ ಸಿಕ್ಕುವ ಅಣಬೆಯಲ್ಲ ಅದು. ನೀನು ಪಾಠ ಮಾಡುವ ಶಾಲೆಗೆ ಮೂರು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ನನ್ನನ್ನು ಆಸ್ಪತ್ರೆಗೆ ಸೇರಿಸಿಕೊಂಡಿದ್ದಾರೆ. ಇಲ್ಲಿ ನನ್ನ ಜೊತೆ ಇರಬೇಡಿ, ಗುಬ್ಬಿಯ ಮನೆಗೆ ಹೋಗಿ ಎಂದು ಭಾವನ ಕೈಗೇ ಈ ಕಾಗದ ಕೊಡುತ್ತಿದ್ದೇನೆ. ಕದ್ದು ರುಚಿ ನೋಡಿದ್ದರೆ ನಾಚಿಕೊಳ್ಳಬೇಡ. ಬಾಯಾರಿಕೆ ಶುರುವಾಗಲಿ ಎಂದು ಕಾಯದೆ, ಮಗುವನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋಗು.

ಮೇಲೆ ನಿನ್ನ ಮೂಗನ್ನು ಆಡಿಕೊಂಡೆ. ಚಳಿಗಾಲದ ಜ್ವರ ಬಿಟ್ಟಾಗಿನಿಂದ ನನಗೇ ಯಾವ ವಾಸನೆಯೂ ತಿಳಿಯುವುದಿಲ್ಲ, ಗುಬ್ಬಿ. ಅಮ್ಮನ ಮೂಗು ನನಗೆ ಬಂದಿದೆ ಎನ್ನುತ್ತಿದ್ದರಲ್ಲ ಎಲ್ಲರೂ, ಅದು ಹೋಯಿತೆಂದು ಹೇಳಲು ನಾಚಿಕೆಯಾಯಿತು. ಅಣಬೆಯನ್ನು ಮೂಗಿಗೆ ಹಿಡಿದು, ವಾಸನೆ ಬಂತು ಎಂದು ನನಗೆ ನಾನೇ ಹೇಳಿಕೊಂಡು ಬುಟ್ಟಿಗೆ ಹಾಕಿದೆ. ವಾಸನೆಯೇ ಇಲ್ಲ ಎಂದು ನೀನು ಬರೆದ ಕಾಗದ ಐದು ದಿನ ನನ್ನ ಹೊಲಿಗೆ ಪೆಟ್ಟಿಗೆಯಲ್ಲಿತ್ತು.