ಅಂಟಿದ ಭುಜ

ಮಾರ್ಚ್ 4

...ಮೊದಲು ಹೊಗೆಕೊಳವೆ ಒತ್ತಬೇಕು, ಆಮೇಲೆ ಭುಜ ತಿರುಗಿಸಬೇಕು. ಅಣ್ಣ ಹೇಳುತ್ತಿದ್ದದ್ದು ಹೀಗೇ ಇರಬೇಕು. ಭುಜವೇ ಮೊದಲೋ?

ಗಾಜಿನ ಶೆಲ್ಫಿನ ಧೂಳು ತೆಗೆದೆ, ಬ್ರಶ್ಶಿನಿಂದ. ನಲವತ್ತೊಂದು ಉಗಿದೈತ್ಯ ಆಟಿಕೆಗಳು. ಮಡಚಿದರೆ ರೈಲು ಎಂಜಿನ್, ಬಿಡಿಸಿದರೆ ರೋಬೋ. ನಾನು ಮಡಚುವುದಿಲ್ಲ. ಸಂಗ್ರಹಕಾರರು ಯಾರೂ ಮಡಚುವುದಿಲ್ಲ. ನಡುವಿನ ಕೆಂಪು ಮಾತ್ರ ಅಣ್ಣನದು. ಚಿಕ್ಕಂದಿನಲ್ಲಿ ನನಗೆ ಮುಟ್ಟಲೂ ಬಿಡುತ್ತಿರಲಿಲ್ಲ.

ಅತ್ತಿಗೆಯ ಫೋನ್. ಅಣ್ಣನಿಗೆ ಸ್ಟ್ರೋಕ್ ಆಗಿ, ಬಲಗೈ ಬಿದ್ದುಹೋಗಿ ಆರು ವಾರ.

"ಕೈಗೆ ರೂಢಿ ಇದ್ದ ವಸ್ತು ಏನಾದ್ರೂ ತನ್ನಿ ಅಂತಿದ್ದಾರೆ ಥೆರಪಿ ಮೇಡಂ. ಆ ಕೆಂಪು ರೈಲು ತರ್ತೀರಾ? ಗಾಜಿನೊಳಗೆ ಅದಕ್ಕೂ ಉಸಿರು ಕಟ್ಟಿರತ್ತೆ, ಪಾಪ."

ಮಾರ್ಚ್ 6

ಕೆಂಪು ರೈಲನ್ನು ಅಣ್ಣನ ಮನೆಗೆ ಒಯ್ದೆ. ಕಂಡ ಕೂಡಲೇ ಅವನ ಅರ್ಧ ಮುಖ ನಕ್ಕಿತು. ಬಲಗೈ ಹೆಬ್ಬೆರಳು ತಾನಾಗಿ ಹೊಗೆಕೊಳವೆಗೆ ಹೋಯಿತು. ಒತ್ತಿತು! ಅತ್ತಿಗೆ ಬಾಯಿಗೆ ಸೆರಗು ಹಿಡಿದರು. ಆಮೇಲೆ ಭುಜ. ತಿರುಗಲಿಲ್ಲ. ಮತ್ತೆ. ಹಣೆಯಲ್ಲಿ ಬೆವರು. ಮೂರನೆಯ ಸಲಕ್ಕೆ ನನಗೆ ನೆನಪಾಯಿತು — ಎಂಟು ವರ್ಷದ ಹಿಂದೆ, ಸಂಗ್ರಹಕಾರರ ಪ್ರದರ್ಶನದ ಹಿಂದಿನ ದಿನ, ಜೋತುಬಿದ್ದ ಆ ಭುಜಕ್ಕೆ ಅಂಟು ಹಾಕಿದ್ದೆ. ನೆಟ್ಟಗೆ ನಿಲ್ಲಲಿ ಎಂದು. ಅಣ್ಣನನ್ನು ಕೇಳದೆ.

"ಕೈ... ಹೋಯ್ತು ಕಣೋ," ಎಂದ, ನನ್ನ ಮುಖ ನೋಡಿ. ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡ.

ನಾನು ಆಟಿಕೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. ಅಂಟಿನ ವಿಷಯ ಹೇಳಲಿಲ್ಲ.

ಮಾರ್ಚ್ 15

ಹೋಗಿಲ್ಲ. ಆಫೀಸಿನಲ್ಲಿ ಆಡಿಟ್ ಎಂದೆ. ಆಡಿಟ್ ಮುಗಿದೇ ಎರಡು ವಾರ.

ಅತ್ತಿಗೆ: "ವ್ಯಾಯಾಮ ಪೂರ್ತಿ ಬಿಟ್ಟಿದ್ದಾರೆ. ಚೆಂಡು ಕೊಟ್ರೆ ಎಸೀತಾರೆ, ಅದೂ ಎಡಗೈಲಿ. ಈ ತಿಂಗಳು ಕಳೆದ್ರೆ ಆ ಕೈ ಬರೋದು ಕಷ್ಟ ಅಂತಾರೆ ಮೇಡಂ. ನೀವಾದ್ರೂ ಬಂದು ಬೈರಿ. ಮೈದುನ ಅಂತ ಇನ್ಯಾಕಿರೋದು?"

ಮಾರ್ಚ್ 16, ಬೆಳಗ್ಗೆ

ನೇಲ್ ಪಾಲಿಶ್ ತೆಗೆಯುವ ದ್ರವ, ಸೂಜಿ, ಎರಡು ಗಂಟೆ. ಕಟ್ ಎಂದಿತು. ಕೆಂಪು ಬಣ್ಣವೂ ಉಗುರಗಲ ಕಿತ್ತುಬಂತು. ತಿರುಗುತ್ತದೆ. ತೀರಾ ಸಲೀಸಾಗಿ.

ಮಾರ್ಚ್ 17, ಸಂಜೆ

ಹೇಳಿದೆ. "ಅಣ್ಣ, ನಾನೇ ಅಂಟು ಹಾಕಿದ್ದೆ. ನಿನ್ನ ಕೈಯ ತಪ್ಪಲ್ಲ. ಈಗ ತಿರುಗಿಸು, ನೋಡು."

ಅಣ್ಣ ಭುಜ ನೋಡಿದ. ಬಣ್ಣ ಹೋದ ಜಾಗ ನೋಡಿದ. "ನನಗೋಸ್ಕರ... ಸಡಿಲ ಮಾಡಿದ್ಯಾ?"

"ಇಲ್ಲ. ಮೊದಲು ಅಂಟಿತ್ತು."

"ಚಿಕ್ಕಂದಿಂದ... ಸುಳ್ಳು ಹೇಳಕ್ಕೆ ಬರಲ್ಲ ನಿನಗೆ." ನಕ್ಕ. ಕೈ ಹೊರಗೆ ಬರಲಿಲ್ಲ.

ಬಾಗಿಲ ಬಳಿ ಅತ್ತಿಗೆ ಪಿಸುಗುಟ್ಟಿದರು, "ಸಮಾಧಾನಕ್ಕೆ ಅಂತ ಎಂಥಾ ಕಥೆ ಕಟ್ಟಿದ್ರಿ! ದೇವರಂಥವರು ನೀವು."

ಕಥೆಯಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಎದುರಿನ ನಿಲ್ದಾಣಕ್ಕೆ ಬಸ್ಸು ಬಂತು, ಓಡಿದೆ.

ಈಗ ಕೆಂಪು ದೈತ್ಯ ನನ್ನ ಮೇಜಿನ ಮೇಲಿದೆ, ಭುಜ ಜೋತುಬಿದ್ದು. ಸೂಜಿಯ ತುದಿಯಲ್ಲಿ ಒಣಗಿದ ಅಂಟಿನ ಒಂದು ಚೂರು, ಅಷ್ಟೆ. ಇದನ್ನೇ ತಂದು ತೋರಿಸಲೇ? ಆ ದಿನವೇ, ನೀನು ನನ್ನ ಮುಖ ನೋಡಿದಾಗಲೇ ಹೇಳಿದ್ದರೆ ನಂಬುತ್ತಿದ್ದೆಯಾ, ಅಣ್ಣ, ಅಥವಾ ಆಗಲೂ —