ಹನ್ನೆರಡು ಕುಣಿಕೆ ಕಡಿಮೆ

ಜನವರಿ ೧೮, ಭಾನುವಾರ ಮಧ್ಯಾಹ್ನ

ಪ್ರೀತಿಯ ಹುಡುಗಿ,

ಸೊಸೆಗೆ ಎಂದು ಶುರುಮಾಡಿ ಒಂದು ಕಾಗದ ಹಾಳು ಮಾಡಿದೆ. ಇನ್ನು ಹಾಗೆ ಕರೆಯಬಹುದೋ ಇಲ್ಲವೋ ಗೊತ್ತಾಗಲಿಲ್ಲ. ಅದಕ್ಕೇ, ನೀನು ಈ ಮನೆಗೆ ಬಂದ ಮೊದಲ ವಾರ ನಾನು ಕರೆಯುತ್ತಿದ್ದ ಹಾಗೆ, ಹುಡುಗಿ ಎಂದೇ ಬರೆಯುತ್ತಿದ್ದೇನೆ.

ನಿನ್ನ ಪತ್ರ ಬಂದು ಐದು ವಾರವಾಯಿತು. ಗಡಿಯಾರದ ಹಿಂದೆ ಸಿಕ್ಕಿಸಿಟ್ಟಿದ್ದೆ. ಟೈಮು ನೋಡಿದಾಗಲೆಲ್ಲ ಅದರ ಮೂಲೆ ಕಾಣುತ್ತಿತ್ತು, ಹಾಗಾಗಿ ಟೈಮು ನೋಡುವುದನ್ನೇ ಬಿಟ್ಟೆ. ಕನ್ನಡಕದ ಅಂಗಡಿಯಲ್ಲಿ ನಿನ್ನ ಜೊತೆ ಕೆಲಸ ಮಾಡುವ, ಗಾಜು ಉಜ್ಜುವ ಆ ಮನುಷ್ಯ ನಿನ್ನನ್ನು ಮದುವೆಯಾಗಬೇಕೆಂದಿದ್ದಾನೆ, ನಿನಗೂ ಮನಸ್ಸಿದೆ, ಆದರೆ ‘ನೀವು ಬೇಡ ಅಂದ್ರೆ ಬೇಡ ಅತ್ತೆ, ಒಂದು ಮಾತು ಬರೀರಿ ಸಾಕು’ ಎಂದಿದ್ದೀಯ. ನನ್ನ ಮಗ ಹೋಗಿ ಮೂರು ವರ್ಷವಾದ ಮೇಲೂ, ನಾನು ಅನ್ನಬಾರದ್ದನ್ನು ಅಂದ ಮೇಲೂ, ನನ್ನನ್ನು ಕೇಳುತ್ತೀಯಲ್ಲ! ಓದಿದಾಗ ಮೊದಲು ಬಂದದ್ದು ಸಿಟ್ಟು, ಸುಳ್ಳು ಹೇಳುವುದಿಲ್ಲ. ಈ ಹೊರೆಯನ್ನೂ ನನ್ನ ತಲೆಗೇ ಕಟ್ಟಿದಳಲ್ಲ ಎಂದುಕೊಂಡೆ.

ಆಮೇಲೆ ಎಡಗಣ್ಣಿನ ಆಪರೇಷನ್ ಆಯಿತು. ಪೊರೆ ಬಂದಿತ್ತು. ನೀನು ಇಲ್ಲಿದ್ದಾಗಲೇ ಹೇಳಿದ್ದೆ, ‘ಒಂದ್ಸಲ ಅಂಗಡಿಗೆ ಬನ್ನಿ ಅತ್ತೆ, ಕಣ್ಣು ನೋಡಿಸೋಣ’ ಎಂದು. ಹೇಳಿದವಳು ಸೊಸೆಯಲ್ಲವೇ, ಅದಕ್ಕೇ ಬರಲಿಲ್ಲ. ಈಗ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದರೆ ಗೋಡೆಯ ಮೇಲೆಲ್ಲ ಕೊಳೆ, ಸ್ವಿಚ್ಚಿನ ಸುತ್ತ ಕಪ್ಪು ಕಲೆ. ಇಷ್ಟು ದಿನ ಇದರೊಳಗೇ ಇದ್ದೆನಾ ಎಂದು ನಾಚಿಕೆಯಾಯಿತು. ಒರೆಸುತ್ತಾ ಒರೆಸುತ್ತಾ ಮಂಚದ ಕೆಳಗಿನ ಬುಟ್ಟಿಗೆ ಕೈ ತಾಗಿತು.

ಯಾವ ಬುಟ್ಟಿ ಎಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ. ಮೊದಲಿನಿಂದ ಬರೆದರೆ ಕೊನೆಯ ಮಾತು ಬರೆಯಲು ಧೈರ್ಯ ಬಂದೀತು.

ನನ್ನ ಮಗ, ನಮ್ಮ ಗಡಿಬಿಡಿ, ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದ. ಅವನನ್ನು ಹೆಸರು ಹಿಡಿದು ಕರೆದವರು ಶಾಲೆಯ ಮೇಷ್ಟರು ಮಾತ್ರ, ಉಳಿದವರಿಗೆಲ್ಲ ಅವನು ಗಡಿಬಿಡಿಯೇ. ವ್ಯಾನಿನ ಕಿಟಕಿಯ ಗಾಜು ಅರ್ಧಕ್ಕೆ ನಿಂತು ಮೇಲೇರುತ್ತಿರಲಿಲ್ಲ. ‘ಬೆಳಗಿನ ಗಾಳಿ ಮೂಳೆಗೇ ಹೋಗುತ್ತೆ, ಒಂದು ಸ್ವೆಟರ್ ಹೆಣೆದ್ಕೊಡಿ’ ಎಂದ. ಹೇಳಿದ್ದು ಯಾರಿಗೆ ಎಂಬುದೇ ಜಗಳವಾಯಿತು. ನನಗೆ ಎಂದು ನಾನು, ನನಗೆ ಎಂದು ನೀನು. ಅತ್ತ ದರಿ ಇತ್ತ ಪುಲಿ ಎಂದು ತಲೆ ಕೆರೆದುಕೊಂಡು ಕೊನೆಗೆ ಅವನೇ ಪಾಲು ಮಾಡಿದ: ‘ಬೆನ್ನು ಅಮ್ಮಂದು, ಎದೆ ಇವಳದು, ತೋಳು ಯಾರು ಮೊದಲು ಮುಗಿಸ್ತಾರೋ ಅವರದು.’ ಹಿಟ್ಟು ಬಿದ್ದರೂ ಗೊತ್ತಾಗಬಾರದು ಎಂದು ಬೂದು ಬಣ್ಣದ ಉಲ್ಲನ್ ತಂದ. ಇಬ್ಬರಿಗೂ ಒಂದೇ ನಂಬರಿನ ಕಡ್ಡಿ, ಇಬ್ಬರಿಗೂ ಸಾಲಿಗೆ ನೂರ ಹತ್ತು ಕುಣಿಕೆ.

ಮುಗಿಸಿ ಮಂಚದ ಮೇಲೆ ಹಾಸಿ ನೋಡಿದರೆ ನನ್ನ ಬೆನ್ನು ನಿನ್ನ ಎದೆಗಿಂತ ನಾಲ್ಕು ಬೆರಳು ಕಿರಿದು. ಅವನು ಬಿದ್ದು ಬಿದ್ದು ನಕ್ಕ. ‘ಹಿಂದಿನಿಂದ ನೋಡಿದ್ರೆ ನಾನಿನ್ನೂ ಹೈಸ್ಕೂಲ್ ಹುಡುಗ ಅಂದ್ಕೊಂಡಿದಾಳೆ ಅಮ್ಮ’ ಎಂದ. ಯಾರಾದರೊಬ್ಬರು ಬಿಚ್ಚಬೇಕಿತ್ತು. ಎರಡು ಸಲ ಎಣಿಸಿದ್ದೇನೆ ಎಂದು ನೀನು ಮೆಲ್ಲಗೆ ಹೇಳಿದೆ. ನಾನು ಬಿಟ್ಟೇನೇ? ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ಚಾದರ ಎಣಿಸಿದವಳು. ಹತ್ತು ಚಾದರಕ್ಕೆ ಒಂದು ಗುಂಡಿ ಡಬ್ಬಿಗೆ ಹಾಕುತ್ತಾ ಹೋಗುವುದು, ಕೊನೆಗೆ ಗುಂಡಿ ಎಣಿಸುವುದು. ಕಿತ್ತುಹೋದ ಅಂಗಿಗುಂಡಿಗಳಿಗೆ ಅಲ್ಲೇನು ಬರವೇ. ಒಂದೇ ಒಂದು ದಿನ ತಪ್ಪಿದ್ದಿಲ್ಲ. ‘ನನಗೆ ಎಣಿಸೋದು ಹೇಳಿಕೊಡ್ತೀಯಾ?’ ಎಂದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನೀನೂ ಸೋಲಲಿಲ್ಲ. ಸ್ವೆಟರು ಎರಡು ತುಂಡಾಗಿ ಹದಿನೈದು ದಿನ ಬುಟ್ಟಿಯಲ್ಲಿ ಬಿದ್ದಿತ್ತು.

ಹದಿನಾರನೆಯ ದಿನ ಬೆಳಿಗ್ಗೆ ಮಂಜು ಕವಿದಿತ್ತು. ಅವನು ಒಂದರ ಮೇಲೊಂದು ಎರಡು ಅಂಗಿ ಹಾಕಿಕೊಂಡು ಹೋದ. ರಸ್ತೆಯ ಪಕ್ಕ ನಿಂತಿದ್ದ ಲಾರಿ ಅವನಿಗೆ ಕಾಣಿಸಲಿಲ್ಲ.

ಸ್ವೆಟರ್ ಹಾಕಿಕೊಂಡಿದ್ದರೆ ಲಾರಿ ಪಕ್ಕಕ್ಕೆ ಸರಿಯುತ್ತಿತ್ತೇ? ಇಲ್ಲ. ಇದು ನನಗೆ ಅವತ್ತೂ ಗೊತ್ತಿತ್ತು. ಆದರೂ ಮನೆ ತುಂಬ ಜನ ಕೂತಿದ್ದಾಗ, ನಿನ್ನ ಅಕ್ಕನ ಎದುರಿಗೇ, ‘ನಿನ್ನ ಹಟಕ್ಕೆ ನನ್ನ ಮಗ ಚಳೀಲಿ ನಡುಗ್ತಾ ಹೋದ’ ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀನು ನಾಲ್ಕು ತಿಂಗಳು ನನಗೆ ಅಡುಗೆ ಮಾಡಿ ಬಡಿಸಿ, ಆಮೇಲೆ ಅಕ್ಕನ ಮನೆಗೆ ಹೊರಟುಹೋದೆ. ಬಾಗಿಲ ಹಿಂದಿನ ಮೊಳೆಯಲ್ಲಿ ನಿನ್ನ ಹಳೆಯ ಕೋಟು ಉಳಿಯಿತು. ನಾನು ಅದನ್ನು ತೆಗೆಯಲಿಲ್ಲ.

ಈಗ ಹೊಸ ಕಣ್ಣಿಟ್ಟುಕೊಂಡು, ಕಿಟಕಿಯ ಬಳಿ ಕೂತು ಎರಡೂ ತುಂಡು ಎಣಿಸಿದೆ. ನಾನು ಎಣಿಸಿ ನೋಡಿದ್ದು ಇದೇ ಮೊದಲು. ನಿನ್ನದು ನೂರ ಹತ್ತು. ನನ್ನದು ತೊಂಬತ್ತೆಂಟು. ನಂಬಿಕೆ ಬರದೆ ಮೇಲಿನ ಮನೆಯಾಕೆಯ ಕೈಗೂ ಕೊಟ್ಟೆ. ಆಕೆ ಐವತ್ತಕ್ಕೆ ಬರುವಷ್ಟರಲ್ಲಿ ತನ್ನ ಮಂಡಿನೋವಿನ ಪುರಾಣಕ್ಕೆ ಹೋಗಿ, ಮತ್ತೆ ಒಂದರಿಂದ ಹಿಡಿದು, ಅಂತೂ ತೊಂಬತ್ತೆಂಟೇ ಎಂದಳು. ಹನ್ನೆರಡು ಕುಣಿಕೆ ಕಡಿಮೆ. ಪೊರೆ ಬಂದ ಕಣ್ಣು, ಏನು ಮಾಡಲಿ, ಅವತ್ತು ಕಾಣಲಿಲ್ಲ. ತಪ್ಪು ನನ್ನದು. ನೀನು ಸರಿಯಾಗಿಯೇ ಎಣಿಸಿದ್ದೆ.

ಎಣಿಸಿದ ದಿನವೇ ಬಿಚ್ಚಲು ಕೂತೆ. ಒಂದು ತಿಂಗಳು ಹೆಣೆದದ್ದನ್ನು ಬಿಚ್ಚಲು ಮುಕ್ಕಾಲು ಗಂಟೆ ಸಾಕಾಯಿತು. ಹೆಗಲಿನಿಂದ ಶುರುವಾಗಿ ಸಾಲು ಸಾಲಾಗಿ ಅವನ ಬೆನ್ನು ಕರಗುತ್ತಾ ಬಂತು. ನಡುವೆ ಒಮ್ಮೆ ನಿಲ್ಲಿಸಿ, ಉಳಿದದ್ದರ ಮೇಲೆ ಅಂಗೈ ಇಟ್ಟುಕೊಂಡು ಕೂತೆ. ಚಿಕ್ಕವನಿದ್ದಾಗ ಜ್ವರ ಬಂದರೆ ಬೆನ್ನಿನ ಮೇಲೆ ಕೈ ಇಟ್ಟರೇನೇ ಅವನಿಗೆ ನಿದ್ದೆ. ಅಳು ಬಂತು. ಆಪರೇಷನ್ ಆದ ಕಣ್ಣಲ್ಲಿ ಅಳಬಾರದು ಎಂದು ಡಾಕ್ಟರು ಹೇಳಿದ್ದರು, ಒಂದೇ ಕಣ್ಣಲ್ಲಿ ಅಳುವುದು ಹೇಗೆಂದು ಹೇಳಿಕೊಟ್ಟಿರಲಿಲ್ಲ.

ಬಿಚ್ಚಿದ ನೂಲು ಗುಂಗುರು ಗುಂಗುರಾಗಿತ್ತು, ಎಷ್ಟು ಎಳೆದರೂ ಮತ್ತೆ ಹಳೆಯ ಸುರುಳಿಗೇ ಹೋಗುತ್ತಿತ್ತು. ಎರಡು ಕುರ್ಚಿ ನಿಲ್ಲಿಸಿ ಅವುಗಳ ಬೆನ್ನಿಗೆ ಲಡಿ ಸುತ್ತಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಬಚ್ಚಲಲ್ಲಿ ನೇತುಹಾಕಿ, ಕೆಳಗೆ ಭಾರಕ್ಕೆ ಕಬ್ಬಿಣದ ಸೌಟು ಕಟ್ಟಿದೆ. ಎರಡು ದಿನಕ್ಕೆ ನೆಟ್ಟಗಾಯಿತು. ಆಮೇಲೆ ನಿನ್ನ ಕೋಟನ್ನು ಮೊಳೆಯಿಂದ ಇಳಿಸಿ ಅಳತೆ ತೆಗೆದೆ. ಈ ಪೊಟ್ಟಣದಲ್ಲಿರುವ ಬೆನ್ನು ನಿನ್ನ ಅಳತೆಯದು. ತೊಂಬತ್ತು ಕುಣಿಕೆ, ಮೂರು ಸಲ ಎಣಿಸಿದ್ದೇನೆ.

ಅದರ ಜೊತೆಗೆ ನೀನು ಅವನಿಗೆ ಹೆಣೆದ ಎದೆಯನ್ನು ಹಾಗೇ ಇಟ್ಟಿದ್ದೇನೆ. ಅದು ನಿನ್ನದು, ಬಿಚ್ಚುವ ಹಕ್ಕು ನನಗಿಲ್ಲ. ನನ್ನ ಮಾತು ಕೇಳುವುದಾದರೆ ಬಿಚ್ಚು. ನಿನ್ನ ಅಳತೆಗೆ ಹೆಣೆದು ಇದಕ್ಕೆ ಸೇರಿಸಿಕೋ, ಚಳಿಗಾಲ ಮುಗಿಯುವುದರೊಳಗೆ ಹಾಕಿಕೊಳ್ಳಬಹುದು. ಆ ಮನುಷ್ಯನಿಗೆ ಮಾತ್ರ ಈ ನೂಲಿನಲ್ಲಿ ಏನೂ ಹೆಣೆದುಕೊಡಬೇಡ. ಅವನ ಮೇಲೆ ನನಗೆ ಸಿಟ್ಟಿಲ್ಲ, ಆದರೆ ನನ್ನ ಮನಸ್ಸು ಅಷ್ಟು ದೊಡ್ಡದೂ ಅಲ್ಲ. ಅವನಿಗೆ ಬೇರೆ ಬಣ್ಣದ್ದು ತೊಗೋ.

ಮದುವೆ ಮಾಡಿಕೋ. ನೀನು ಕೇಳಿದ ಒಂದು ಮಾತು ಇದು. ಬೇಡ ಎಂದು ಬರೆಯಲು ಎರಡು ಸಲ ಕೂತಿದ್ದೆ, ಎರಡು ಸಲವೂ ಎದ್ದು ಹೋಗಿ ಗೋಡೆ ಒರೆಸಿದೆ. ಮದುವೆಗೆ ಬರಲಾರೆ, ನೋಡಲು ನನ್ನಿಂದ ಆಗುವುದಿಲ್ಲ. ಬಲಗಣ್ಣಿಗೂ ಪೊರೆ ಶುರುವಾಗಿದೆಯಂತೆ. ಅದನ್ನು ತೋರಿಸುವ ನೆಪದಲ್ಲಿ ಯಾವಾಗಲಾದರೂ ಅಂಗಡಿಗೆ ಬಂದೇನು.

ಮೂರು ವರ್ಷ ಕೊಡದೆ ಇಟ್ಟುಕೊಂಡಿದ್ದ ಆಶೀರ್ವಾದವನ್ನೆಲ್ಲ ಕಳಿಸುತ್ತಿರುವ,

ನಿನ್ನ ಅತ್ತೆ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು. ಕೆಟಲ್ಲಿನ ಆವಿಗೆ ಹಿಡಿದು ಮತ್ತೆ ಬಿಡಿಸಿದೆ. ಕಣ್ಣಿನ ಪೊರೆಯ ಮೇಲೆ ಹೊರಿಸಿದ್ದು ಸುಳ್ಳು. ಕುಣಿಕೆ ಹಾಕುವ ದಿನ ನೀವಿಬ್ಬರೂ ಅಡುಗೆಮನೆಯಲ್ಲಿ ಏತಕ್ಕೋ ನಗುತ್ತಿದ್ದಿರಿ. ಏನೆಂದು ತಿಳಿಯಲು ಕಿವಿ ಅತ್ತ ಕೊಟ್ಟೆ, ಎಣಿಕೆ ಎಲ್ಲೋ ಹೋಯಿತು. ಅದೂ ಇರಲಿ. ಅವನು ಹೋಗುವ ಹಿಂದಿನ ದಿನ ಮಧ್ಯಾಹ್ನ, ನೀನು ಅಂಗಡಿಗೆ ಹೋಗಿದ್ದಾಗ, ಬಾಗಿಲು ಹಾಕಿಕೊಂಡು ಎಣಿಸಿದ್ದೆ. ಅದಕ್ಕೆ ಕಣ್ಣು ಬೇಕಾಗಲಿಲ್ಲ, ಬೆರಳೇ ಸಾಕಾಯಿತು. ಒಂಬತ್ತು ಗುಂಡಿ, ಮೇಲೆ ಎಂಟು ಕುಣಿಕೆ. ಸಂಜೆ ಅವನು ಬಂದವನೇ ‘ಯಾರಮ್ಮ ಬಿಚ್ಚೋರು, ತೀರ್ಮಾನ ಆಯ್ತಾ?’ ಎಂದು ಕೇಳಿದ. ‘ನಿನ್ನ ಹೆಂಡ್ತೀನ ಕೇಳು’ ಎಂದೆ. ಅವನಿಗೆ ನಾನು ಆಡಿದ ಕೊನೆಯ ಮಾತು ಅದು. ಬೆಳಿಗ್ಗೆ ಅವನು ಹೊರಟಾಗ ಎಚ್ಚರವಿದ್ದೂ ಏಳಲಿಲ್ಲ. ಎಲ್ಲ ಗೊತ್ತಿದ್ದೇ ಜನರೆದುರು ನಿನಗೆ ಹಾಗೆ ಅಂದೆ. ಮದುವೆ ಮಾಡಿಕೋ ಎಂದದ್ದು ಮಾತ್ರ ನಿಜ, ಅದನ್ನು ನಂಬು. ಇದನ್ನು ಓದಿದ ಮೇಲೆ ನಾನು ಹೆಣೆದ ಬೆನ್ನು ನಿನಗೆ ಬೇಡವೆನಿಸಬಹುದು. ಹಾಗಿದ್ದರೆ ಅದನ್ನೂ ಬಿಚ್ಚಿ, ಪೂರ್ತಿ ನಿನ್ನ ಕೈಯಿಂದಲೇ ಹೆಣೆದುಕೋ. ನೂಲಿನದು ಏನೂ ತಪ್ಪಿಲ್ಲ.